ಸಿಸೇರಿಯನ್ ವೇಳೆ ತಲೆ ಸುತ್ತಿದರೆ ಸುಮ್ಮನಿರಬೇಡಿ

ನನ್ನ ಎರಡನೇ ಹೆರಿಗೆ ಸಿಸೇರಿಯನ್. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಲಗಿಸಿದ ಸ್ವಲ್ಪ ಹೊತ್ತಿಗೇ ಕಾಲು ಬೆಚ್ಚಗಾಗಿ ಭಾರವಾಯಿತು. ಹಿಂದೆಯೇ ಹೊಟ್ಟೆ ತೊಳಸಿ, ಕಣ್ಣು ಮಂಜಾಗಿ, ಮೈಯೆಲ್ಲ ತಣ್ಣನೆ ಬೆವರು. ಭಯಕ್ಕೆ ಹೀಗಾಗ್ತಿದೆ, ಹೇಳಿದ್ರೆ ನಗ್ತಾರೆ ಅಂತ ಹಲ್ಲು ಕಚ್ಚಿಕೊಂಡಿದ್ದೆ. ತಲೆಯ ಬಳಿ ನಿಂತಿದ್ದ ಅರಿವಳಿಕೆ ವೈದ್ಯೆ ಮಾನಿಟರ್ ನೋಡಿ, "ವಾಂತಿ ಬರೋ ಹಾಗಾಗ್ತಿದೆಯೇನಮ್ಮಾ? ಬಿ.ಪಿ. ಇಳಿದಿದೆ. ಹೇಳೋದಲ್ವಾ?" ಎಂದು ಔಷಧಿ ಕೊಟ್ಟರು. ಒಂದೆರಡು ನಿಮಿಷದಲ್ಲಿ ಸರಿಹೋಯಿತು.

ಇದು ಅಪರೂಪದ ತೊಂದರೆಯೇನಲ್ಲ. ಆ ಇಂಜೆಕ್ಷನ್ ನೋವಿನ ನರಗಳ ಜೊತೆಗೆ ರಕ್ತನಾಳಗಳನ್ನು ಬಿಗಿಯಾಗಿಡುವ ನರಗಳನ್ನೂ ಮರಗಟ್ಟಿಸುತ್ತದೆ. ನಾಳಗಳು ಸಡಿಲವಾಗಿ ರಕ್ತ ಕಾಲುಗಳಲ್ಲಿ ನಿಲ್ಲುತ್ತದೆ. ಸಾಲದ್ದಕ್ಕೆ ಅಂಗಾತ ಮಲಗಿದಾಗ, ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳವನ್ನು ತುಂಬಿದ ಗರ್ಭಕೋಶ ಒತ್ತುತ್ತದೆ. ಬಲಸೊಂಟದ ಕೆಳಗೆ ದಿಂಬಿಟ್ಟು ಎಡಕ್ಕೆ ವಾಲಿಸುವುದು ಅದಕ್ಕೇ. ಬಿದ್ದೇಹೋಗ್ತೀನಿ ಅಂತ ಗಾಬರಿಯಾಗಬೇಡಿ!

ಡ್ರಿಪ್ ಜೊತೆಗೆ ನಾಳಗಳನ್ನು ಮತ್ತೆ ಬಿಗಿಗೊಳಿಸುವ ಫಿನೈಲೆಫ್ರಿನ್‌ನಂಥ ಔಷಧಿ ಕೊಡುತ್ತಾರೆ. ತೋಳಿನ ಪಟ್ಟಿ ಒಂದೆರಡು ನಿಮಿಷಕ್ಕೊಮ್ಮೆ ಹಿಂಡುತ್ತಿರುತ್ತದೆ, ಕಿರಿಕಿರಿಯೇ ನಿಜ. ಮೇಲಿನ ಬಿ.ಪಿ. ಮೊದಲಿದ್ದುದರ ಶೇ. 90ರಷ್ಟಾದರೂ ಇರುವಂತೆ ನೋಡಿಕೊಳ್ಳಬೇಕೆಂದು 2018ರಲ್ಲಿ ಅಂತರರಾಷ್ಟ್ರೀಯ ತಜ್ಞರು ಸಲಹೆ ನೀಡಿದ್ದಾರೆ. ಅಂದರೆ 120 ಇದ್ದವರಿಗೆ ಸುಮಾರು 108. ಇಷ್ಟು ಕಾಳಜಿ ಯಾಕೆಂದರೆ, ತಾಯಿಯ ಬಿ.ಪಿ. ತುಂಬಾ ಹೊತ್ತು ಕೆಳಗಿದ್ದರೆ ಮಗುವಿಗೆ ತಲುಪುವ ರಕ್ತ, ಆಮ್ಲಜನಕ ಎರಡೂ ಕಡಿಮೆಯಾಗುತ್ತವೆ. ಎಷ್ಟೋ ಸಲ ಮಾನಿಟರ್ ತೋರಿಸುವ ಮೊದಲೇ ನಿಮಗೇ ಗೊತ್ತಾಗಿಬಿಡುತ್ತೆ. ಹಾಗಾಗಿ ವಾಕರಿಕೆ, ತಲೆಸುತ್ತು, ಕಿವಿ ಗುಂಯ್‌ಗುಡುವುದು, ಉಸಿರು ಕಷ್ಟವಾಗುವುದು, ಕೈ ಜುಮುಗುಡುವುದು, ಏನಾದರೂ ಆ ಕ್ಷಣವೇ ಹೇಳಿ.

ಬಿ.ಪಿ. ಮಾತ್ರೆ, ಹೃದಯದ ತೊಂದರೆ, ಬಸುರಿಯಲ್ಲಿ ಅಂಗಾತ ಮಲಗಿದರೆ ತಲೆಸುತ್ತು ಬರುತ್ತಿದ್ದುದು, ಇವನ್ನೆಲ್ಲ ಹಿಂದಿನ ದಿನವೇ ತಿಳಿಸಿ.

ಆಪರೇಷನ್ ಆದಮೇಲೆ ಮೊದಲ ಸಲ ಏಳುವಾಗ ಒಬ್ಬರೇ ಏಳಬೇಡಿ. ಕಾಲು ಇಳಿಬಿಟ್ಟು ಸ್ವಲ್ಪ ಕೂತು, ನರ್ಸ್ ಅಥವಾ ಅಮ್ಮನ ಕೈ ಹಿಡಿದು ನಿಲ್ಲಿ. ಬಾಣಂತಿ ನೀರು ಕುಡೀಬಾರದು, ಹೊಟ್ಟೆ ದಪ್ಪಗಾಗುತ್ತೆ ಅನ್ನೋ ಅಜ್ಜಿಯಂದಿರ ಮಾತು ಇಲ್ಲಿ ಬೇಡ. ಡಾಕ್ಟರ್ ಕುಡಿಯಬಹುದು ಎಂದಮೇಲೆ ಧಾರಾಳವಾಗಿ ಕುಡಿಯಿರಿ.

ಇಂಜೆಕ್ಷನ್‌ನಿಂದ ಬಿ.ಪಿ. ಇಳಿಯುವುದು ಕೆಲವು ಗಂಟೆಗಳ ಮಾತು. ಮನೆಗೆ ಬಂದಮೇಲೂ ತಲೆ ಸುತ್ತುತ್ತಿದ್ದರೆ ರಕ್ತಹೀನತೆ ಇರಬಹುದು, ಪರೀಕ್ಷೆ ಮಾಡಿಸಿ. ತಲೆಸುತ್ತಿನ ಜೊತೆ ರಕ್ತಸ್ರಾವ ಜಾಸ್ತಿಯಾದರೆ, ಎದೆ ಡವಗುಟ್ಟಿದರೆ, ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.