ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ?

ಕಾಲೇಜು ಸೇರಿದ ನಮ್ಮ ಹಳೆಯ ವಿದ್ಯಾರ್ಥಿನಿಯರು ರಜೆಯಲ್ಲಿ ಶಾಲೆಗೆ ಬಂದಾಗ, ಕಲನಗಣಿತದಲ್ಲಿ ೦/೦ ಬಂದರೆ ಏನು ಮಾಡಬೇಕೆಂದು ಕೇಳುವದುಂಟು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

(ಕ್ಷ² − ೯) ÷ (ಕ್ಷ − ೩) ಎಂಬ ಭಿನ್ನರಾಶಿಯಲ್ಲಿ ಕ್ಷ = ೩ ಎಂದಿಟ್ಟರೆ ಅಂಶವೂ ಛೇದವೂ ಸೊನ್ನೆಯಾಗುವವು. ಇದಕ್ಕೆ ಅನಿಶ್ಚಿತ ರೂಪವೆಂದು ಹೆಸರು. ಇಲ್ಲಿ ಭಾಗಾಕಾರವು ಸಲ್ಲದು. ಆದರೆ ಕ್ಷವು ಮೂರನ್ನು ಸಮೀಪಿಸುತ್ತಿರುವಾಗ ಭಿನ್ನರಾಶಿಯು ಯಾವ ಬೆಲೆಯನ್ನು ಸಮೀಪಿಸುವದೆಂದು ಕೇಳಬಹುದು. ಆ ಬೆಲೆಯೇ ಮಿತಿ.

ಮೂರಕ್ಕೆ ಅತಿ ಸಮೀಪದಲ್ಲಿ ಅಂಶ ಛೇದಗಳೆರಡೂ ಅತ್ಯಲ್ಪವಾಗಿರುವವು. ಪ್ರತಿಯೊಂದೂ ಹೆಚ್ಚುಕಡಮೆ ತಾನು ಬದಲಾಗುವ ದರವನ್ನು ಮೂರರಿಂದಿರುವ ದೂರದಿಂದ ಗುಣಿಸಿದಷ್ಟಿರುವದು. ದೂರವು ಎರಡಕ್ಕೂ ಒಂದೇ ಆದುದರಿಂದ ಭಾಗಿಸುವಾಗ ಹೊಡೆದುಹೋಗಿ, ದರಗಳು ಮಾತ್ರ ಉಳಿಯುವವು. ಆ ದರವೇ ನಿಷ್ಪನ್ನ. ಅಂಶದ ನಿಷ್ಪನ್ನ ೨ಕ್ಷ, ಛೇದದ್ದು ೧; ಕ್ಷ = ೩ ಆದಾಗ ೬ ÷ ೧, ಅಂದರೆ ಮಿತಿಯು ೬. ತಾಳೆ ನೋಡಬೇಕಾದರೆ ಮೊದಲಿನ ಭಿನ್ನರಾಶಿಯಲ್ಲಿ ಕ್ಷ = ೩.೦೧ ಎಂದಿಟ್ಟು ಭಾಗಿಸಿರಿ, ೬.೦೧ ಬರುವದು.

ಅಂಶ ಛೇದಗಳ ನಿಷ್ಪನ್ನಗಳನ್ನು ಬೇರೆ ಬೇರೆಯಾಗಿ ತೆಗೆಯಬೇಕು. ಇಡೀ ಭಿನ್ನರಾಶಿಯ ನಿಷ್ಪನ್ನವನ್ನಲ್ಲ. ಪುನಃ ೦/೦ ಬಂದರೆ ಇನ್ನೊಮ್ಮೆ ಹಾಗೆಯೇ ಮಾಡಬಹುದು.

ಆದರೆ ಒಂದು ಎಚ್ಚರಿಕೆ. (ಕ್ಷ² + ೧) ÷ (ಕ್ಷ + ೨) ಎಂಬಲ್ಲಿ ಕ್ಷ = ೩ ಆದರೆ ೧೦ ÷ ೫, ಅಂದರೆ ೨ ಎಂಬುದೇ ಉತ್ತರ. ಇಲ್ಲಿಯೂ ನಿಷ್ಪನ್ನಗಳನ್ನು ತೆಗೆದರೆ ೬ ಎಂಬ ತಪ್ಪು ಉತ್ತರ ಬರುವದು. ಕಾಲೇಜಿನಲ್ಲಿ ನಾನೇ ಇಂಥ ತಪ್ಪು ಮಾಡಿದ್ದೆನು. "ಮೊದಲು ಸೊನ್ನೆಗಳಿವೆಯೇ ನೋಡು" ಎಂದು ನಮ್ಮ ಉಪಾಧ್ಯಾಯರು ಉತ್ತರಪತ್ರಿಕೆಯ ಮೇಲೆ ಕೆಂಪು ಮಸಿಯಿಂದ ಬರೆದುದನ್ನು ಇಂದಿಗೂ ಮರೆತಿಲ್ಲ.

ಈ ನಿಯಮಕ್ಕೆ ಫ್ರಾನ್ಸ್ ದೇಶದ ಲೋಪಿತಾಲ್ ಎಂಬ ಪ್ರಭುವಿನ ಹೆಸರಿದೆ. ಅವನು ೧೬೯೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದು ಮೊದಲು ಅಚ್ಚಾಯಿತು. ಕಂಡುಹಿಡಿದವನಾದರೋ ಅವನಿಗೆ ಪಾಠ ಹೇಳಿದ, ಬಾಸೆಲ್ ಪಟ್ಟಣದ ಯೋಹಾನ್ ಬೆರ್ನೂಲಿ. ವರ್ಷಕ್ಕೆ ೩೦೦ ಲಿವ್ರ್ ಹಣಕ್ಕೆ ತನ್ನ ಶೋಧಗಳನ್ನು ತಿಳಿಸುವದಾಗಿ ೧೬೯೪ರಲ್ಲಿ ಅವರೊಳಗೆ ಒಪ್ಪಂದವಾಗಿತ್ತು.

ತಂದೆತಾಯಿಗಳಿಗೆ ಒಂದು ಬಿನ್ನಹ. ಮಗಳು ಲೆಕ್ಕ ಮಾಡುತ್ತಿರುವಾಗ, ಉತ್ತರ ಬಂತೇ ಎಂದು ಕೇಳುವದಕ್ಕೆ ಮೊದಲು, ಈ ನಿಯಮವು ಇಲ್ಲಿ ಏಕೆ ಸಲ್ಲುವದೆಂದು ಕೇಳಿರಿ. ಗಣಿತವನ್ನು ಕಲಿಯದ ತಾಯಿಯೂ ಈ ಪ್ರಶ್ನೆಯನ್ನು ಕೇಳಬಲ್ಲಳು.