ಬೆಲೆಯೋ ಬೆಳೆಯೋ?

ದಸರೆಯ ರಜೆ ಕಳೆದು ಕಾಲೇಜು ಮತ್ತೆ ಆರಂಭವಾಗಿದ್ದ ದಿನಗಳು. ಹುಣಸೂರಿನ ಬಸ್ ನಿಲ್ದಾಣದಲ್ಲಿ ಸಂಜೆಯ ಬಸ್ಸಿಗಾಗಿ ಕಾದು ನಿಂತಿದ್ದೆ. ನಮ್ಮ ಸೀಮೆಯಲ್ಲಿ ಬಸ್ಸಿಗೆ ಕಾಯುವುದೆಂದರೆ ಅದೊಂದು ವ್ರತ. ಹಿಂದೆ ಆ ವ್ರತಕ್ಕೆ ಹರಟೆಯ ಪ್ರಸಾದವಿತ್ತು; ಈಗ ಹಿರಿಯರು ಕಿರಿಯರೆನ್ನದೆ ಎಲ್ಲರೂ ತಲೆ ಬಗ್ಗಿಸಿ ಅಂಗೈಯೊಳಗಿನ ಗಾಜಿನ ಹಲಗೆಯನ್ನು ನೋಡುತ್ತ ನಿಲ್ಲುತ್ತಾರೆ. ಹಾಗೆ ನಿಂತವರಲ್ಲಿ ಒಬ್ಬರು ನನ್ನ ಗುರುತು ಹಿಡಿದು ಹತ್ತಿರ ಬಂದರು. ಪಿರಿಯಾಪಟ್ಟಣದ ಕಡೆಯ ತಂಬಾಕು ಬೆಳೆಗಾರರು. ಅವರ ಮಗ ನನ್ನಲ್ಲಿ ಓದಿ ಪದವಿ ಪಡೆದು, ಮೈಸೂರಿನಲ್ಲಿ ಮುಂದಿನ ವ್ಯಾಸಂಗಕ್ಕೆ ಸೇರಿದ್ದಾನೆ.

"ನಮಸ್ಕಾರ ಮೇಷ್ಟ್ರೇ. ಇದ ಒಸಿ ಓದಿ ಯೋಳಿ. ನಮ್ಮುಡುಗ ಕಳ್ಸವ್ನೆ. ಇಂಗ್ಲೀಸಲ್ಲಿ ಅದೆ" ಎಂದು ಫೋನನ್ನು ಮುಂದೆ ಹಿಡಿದರು.

ಈ ಗೃಹಸ್ಥರು ನಿರಕ್ಷರರಲ್ಲ. ಪ್ರತಿದಿನ ಬೆಳಗ್ಗೆ ಚಹದಂಗಡಿಯಲ್ಲಿ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದತಕ್ಕವರು. ನಾನು ಫೋನನ್ನು ಕೈಗೆ ತೆಗೆದುಕೊಂಡು ನೋಡಿದೆ. ಅದು ಇಂಗ್ಲಿಷಾಗಿರಲಿಲ್ಲ, ಅಚ್ಚಗನ್ನಡವೇ ಆಗಿತ್ತು. ಅದಕ್ಕೆ ಇಂಗ್ಲಿಷ್ ಅಕ್ಷರಗಳ ಅಂಗಿಯನ್ನು ತೊಡಿಸಲಾಗಿತ್ತು, ಅಷ್ಟೆ. ಕನ್ನಡ ಬಲ್ಲ ತಂದೆಗೆ ಕನ್ನಡ ಬಲ್ಲ ಮಗ ಕನ್ನಡದಲ್ಲಿಯೇ ಹೇಳಿದ ಮಾತನ್ನು ತಿಳಿಯಲು ನಡುವೆ ಒಬ್ಬ ದುಭಾಷಿ ಬೇಕಾಗಿತ್ತು.

ವಿಚಾರಿಸಲಾಗಿ ಹಿಂದಿನ ಕಥೆಯೂ ತಿಳಿಯಿತು. ಹತ್ತು ದಿನಗಳ ಹಿಂದೆ ಮಗ ಒಂದು ಪ್ರಶ್ನೆಯನ್ನು ಕಳುಹಿಸಿದ್ದ. ಬಿ, ಇ, ಎಲ್, ಇ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು. ಅದರ ಮುಂದೆ 'ಹೇಗಿದೆ' ಎಂಬ ಮಾತು. ನೆರೆಮನೆಯ ಹುಡುಗ ಅದನ್ನು 'ಬೆಳೆ ಹೇಗಿದೆ' ಎಂದು ಓದಿ ಹೇಳಿದ. ಮಳೆ ಹದವಾಗಿತ್ತು, ಬ್ಯಾರನ್ನಿನಲ್ಲಿ ಎಲೆಯೂ ಚೆನ್ನಾಗಿ ಹದಗೊಂಡಿತ್ತು. "ಚೆನ್ನಾಗದೆ ಅಂತ ಬರಿ" ಎಂದರು ತಂದೆ. ಆದರೆ ಮಗ ಕೇಳಿದ್ದು ಹರಾಜು ಕಟ್ಟೆಯ 'ಬೆಲೆ'ಯನ್ನು. ಬೆಲೆ ಚೆನ್ನಾಗಿದೆ ಎಂಬ ಧೈರ್ಯದ ಮೇಲೆ ಅವನು ಸ್ನೇಹಿತನಿಂದ ಐದು ಸಾವಿರ ರೂಪಾಯಿ ಕೈಗಡ ಪಡೆದು ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ತರಗತಿಗೆ ಕಟ್ಟಿಬಿಟ್ಟ. ಅದೇ ವಾರ ತಂದೆಯವರು ಕೂಗಿದ ದರ ಒಪ್ಪಿಗೆಯಾಗದೆ ಬೇಲುಗಳನ್ನು ಹಿಂದಕ್ಕೆ ಹೇರಿಕೊಂಡು ಬಂದಿದ್ದರು. ಈಗ ನನ್ನ ಕೈಯಲ್ಲಿದ್ದ ಸಂದೇಶ ಆ ಐದು ಸಾವಿರವನ್ನು ಬೇಡುತ್ತಿತ್ತು.

ಒಂದು ಲಕಾರ ಳಕಾರಗಳ ಭೇದಕ್ಕೆ ಐದು ಸಾವಿರ ರೂಪಾಯಿ ದಂಡ! ಕನ್ನಡ ಅಧ್ಯಾಪಕನಾದ ನನಗೆ ಇದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ನಾಲ್ಕು ಅಕ್ಷರಗಳನ್ನು ಬೆಲೆಯೆಂದು ಓದಬಹುದು, ಬೆಳೆಯೆಂದು ಓದಬಹುದು, ಸಾರಿಗೆ ಹಾಕುವ ಬೇಳೆಯೆಂದೂ ಓದಬಹುದು. ಹಳ್ಳಿಗೂ ಹಲ್ಲಿಗೂ ಅಲ್ಲಿ ವ್ಯತ್ಯಾಸವಿಲ್ಲ. ಹ್ರಸ್ವ ದೀರ್ಘಗಳೆಂಬುವು ವ್ಯಾಕರಣದ ಮೇಷ್ಟರು ಮಕ್ಕಳನ್ನು ಗೋಳಾಡಿಸಲು ಕಲ್ಪಿಸಿದ ಸೂಕ್ಷ್ಮಗಳೆಂದು ನಂಬಿದ್ದವರು ತಂಬಾಕಿನ ಸುಗ್ಗಿಯಲ್ಲಿ ಪಿರಿಯಾಪಟ್ಟಣಕ್ಕೆ ಒಮ್ಮೆ ಬಂದು ಹೋಗುವುದು ಒಳ್ಳೆಯದು.

ಹಾಗಾದರೆ ದೋಷ ಯಂತ್ರದ್ದೇ? ಹಿಂದೊಮ್ಮೆ ಹಾಗೆ ಹೇಳಬಹುದಾಗಿತ್ತು. ಈಗ ಹೇಳುವಂತಿಲ್ಲ. ಕನ್ನಡವು ಈ ಸಣ್ಣ ಯಂತ್ರದೊಳಕ್ಕೆ ಪ್ರವೇಶಿಸಿದ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳು ತಿಳಿಯತಕ್ಕದ್ದು ಆವಶ್ಯಕ.

ಜಗತ್ತಿನ ಲಿಪಿಗಳಿಗೆಲ್ಲ ಗಣಕಯಂತ್ರದಲ್ಲಿ ಒಂದೊಂದು ಅಂಕಿಯ ಗುರುತನ್ನು ಕೊಡುವ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. 1991ರಲ್ಲಿ ಅದರ ಮೊದಲನೆಯ ಆವೃತ್ತಿ ಹೊರಬಂದಾಗಲೇ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಮೀಸಲಾಯಿತು. ಈ ವ್ಯವಸ್ಥೆಯಲ್ಲಿ ನಮ್ಮ ವೈಯಾಕರಣರು ಮೆಚ್ಚುವಂಥ ಒಂದು ಗುಣವಿದೆ. 'ಸೂರ್ಯ' ಎಂದು ಬರೆಯುವಾಗ ನಾವು ಅರ್ಕಾವತ್ತನ್ನು ಯಕಾರದ ಮುಂದೆ ಹಾಕುತ್ತೇವೆ. ಯಂತ್ರವಾದರೋ ಮೊದಲು ರಕಾರ, ಆಮೇಲೆ ವಿರಾಮ ಚಿಹ್ನೆ, ಆಮೇಲೆ ಯಕಾರ ಎಂದು ಉಚ್ಚಾರಣೆಯ ಕ್ರಮದಲ್ಲಿಯೇ ನೆನಪಿಡುತ್ತದೆ. ಕಣ್ಣಿಗೆ ಕಾಣುವ ರೂಪವನ್ನು ಕಟ್ಟಿಕೊಡುವುದು ಅಕ್ಷರಶೈಲಿಯ ಕೆಲಸ. ಹದಿಮೂರನೆಯ ಶತಮಾನದ ಕೇಶಿರಾಜನು ಬಂದು ನೋಡಿದರೂ ಈ ಕ್ರಮಕ್ಕೆ ಆಕ್ಷೇಪವೆತ್ತಲಾರನು.

ಅಕ್ಷರಗಳಿಗೆ ಮನೆ ದೊರೆತರೆ ಸಾಲದು. ಬೆರಳಿಗೆ ದಾರಿಯೂ ಬೇಕು. ಆ ದಾರಿಯನ್ನು ಹಾಕಿಕೊಟ್ಟವರು ಕೆ. ಪಿ. ರಾವ್ ಅವರು. ಇಂಗ್ಲಿಷಿನ ಕೀಲಿಗಳ ಮೇಲೆಯೇ ಕನ್ನಡದ ವರ್ಣಗಳನ್ನು ಧ್ವನಿಗೆ ಅನುಸಾರವಾಗಿ ಜೋಡಿಸಿ, ಒಂದು ಕೀಲಿಯಿಂದ ಒತ್ತಕ್ಷರವನ್ನು ಮೂಡಿಸುವ ಅವರ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಶಿಷ್ಟ ಕೀಲಿಮಣೆಯಾಗಿ ಅಂಗೀಕರಿಸಿತು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ'. ಇವೆಲ್ಲ ಮೇಜಿನ ಮೇಲಿನ ಗಣಕಯಂತ್ರದ ಮಾತಾಯಿತು. ಫೋನಿನಲ್ಲಿ ಗೂಗಲ್ ಕಂಪನಿಯ ಆಂಡ್ರಾಯ್ಡ್ ವ್ಯವಸ್ಥೆ ಕನ್ನಡವನ್ನು ಸರಿಯಾಗಿ ತೋರಿಸಲು ತೊಡಗಿದ್ದು 2012ರ ಆವೃತ್ತಿಯಲ್ಲಿ. ಬಾಯಿಮಾತನ್ನು ಕೇಳಿ ಕನ್ನಡ ಲಿಪಿಯಲ್ಲಿ ಬರೆಯುವ ಸೌಲಭ್ಯ ಬಂದದ್ದು 2017ರಲ್ಲಿ. ಐಫೋನ್ ತಯಾರಿಸುವ ಆಪಲ್ ಕಂಪನಿಯವರು ತಮ್ಮದೇ ಕನ್ನಡ ಕೀಲಿಮಣೆಯನ್ನು ಕೊಟ್ಟದ್ದೂ ಅದೇ 2017ರಲ್ಲಿ, ಮಲಯಾಳ ಒಡಿಯಾಗಳ ಜೊತೆಯಲ್ಲಿ. 2014ರಿಂದ ಹೊರಗಿನವರು ತಯಾರಿಸಿದ ಕೀಲಿಮಣೆಯನ್ನು ಹಾಕಿಕೊಳ್ಳುವ ಅವಕಾಶವಿತ್ತಾದರೂ ಅದು ಬಾಡಿಗೆಯ ಕೊಡೆಯಂತೆ. 2025ರಲ್ಲಿ ಆ ಫೋನಿನ ಪಟ್ಟಿಗಳೂ ಸೂಚನೆಗಳೂ ಕನ್ನಡದಲ್ಲಿಯೇ ಕಾಣುವ ಅನುಕೂಲವಾಯಿತು.

ಇಲ್ಲಿಯೇ ವಾಚಕರು ನಮ್ಮ ಸೀಮೆಯ ಇನ್ನೊಂದು ಮೂಲೆಯ ಕಡೆಗೆ ಕಣ್ಣು ಹಾಯಿಸಬೇಕು. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ ಬೈಲುಕುಪ್ಪೆಯಿದೆ. ತಾಯ್ನಾಡನ್ನು ಬಿಟ್ಟುಬಂದ ಟಿಬೆಟ್ಟಿನ ಜನರಿಗೆ 1960ರ ಸುಮಾರಿನಲ್ಲಿ ಅಂದಿನ ಮೈಸೂರು ಸರ್ಕಾರ ನೀಡಿದ ಭೂಮಿ ಅದು. ಕಾಡು ಕಡಿದು ಮುಸುಕಿನ ಜೋಳ ಬೆಳೆದ ಆ ಜನ ಈಗಲೂ ಅಲ್ಲಿದ್ದಾರೆ. ಅವರ ಮಠಗಳಿವೆ, ಶಾಲೆಗಳಿವೆ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಟಿಬೆಟನ್ ಲಿಪಿಗೆ ಕೊಟ್ಟಿದ್ದ ಸ್ಥಾನವನ್ನು ಮುಂದಿನ ಆವೃತ್ತಿಯಲ್ಲಿ ತೆಗೆದುಹಾಕಿದರು. ಹೊಸ ರೂಪದಲ್ಲಿ ಅದು ಮತ್ತೆ ಸೇರಿದ್ದು 1996ರಲ್ಲಿ. ಅಂದರೆ ಸ್ಥಿರವಾದ ಸ್ಥಾನ ಅವರಿಗೆ ನಮಗಿಂತ ತಡವಾಗಿ ದೊರೆಯಿತು. ಆದರೆ ಐಫೋನಿನಲ್ಲಿ ಟಿಬೆಟನ್ ಕೀಲಿಮಣೆ ಬಂದದ್ದು 2010ರಲ್ಲಿ. ಕನ್ನಡ ಕೀಲಿಮಣೆಗಿಂತ ಏಳು ವರ್ಷ ಮೊದಲು!

ಒಂದೇ ತಾಲ್ಲೂಕು. ಒಂದು ಕಡೆ ಪರದೇಶದಲ್ಲಿ ಆಶ್ರಯ ಪಡೆದ ಕೆಲವು ಸಾವಿರ ಜನ. ಇನ್ನೊಂದು ಕಡೆ ತಮ್ಮದೇ ನಾಡಿನಲ್ಲಿ, ತಮ್ಮದೇ ಸರ್ಕಾರದ ಅಡಿಯಲ್ಲಿರುವ ಕನ್ನಡಿಗರು; 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 4 ಕೋಟಿ 37 ಲಕ್ಷ. ಸಂಖ್ಯೆಯೊಂದೇ ಭಾಷೆಯ ಬಲವಾಗಿದ್ದರೆ ಈ ಕ್ರಮ ತಿರುವುಮುರುವಾಗಬೇಕಾಗಿತ್ತು. ನನ್ನ ಅಭಿಪ್ರಾಯ ಇಷ್ಟು: ಲಿಪಿಯನ್ನು ಕಳೆದುಕೊಂಡರೆ ತಮ್ಮ ಬಳಿ ಉಳಿಯುವುದು ಏನೂ ಇಲ್ಲವೆಂಬುದನ್ನು ಮನೆ ಕಳೆದುಕೊಂಡವರು ಅರಿತಿದ್ದರು. ಮನೆಯಲ್ಲಿಯೇ ಕುಳಿತ ನಾವು, ದುಬಾರಿಯ ಫೋನು ಕೊಂಡವರು ಇಂಗ್ಲಿಷಿನಲ್ಲಿ ಬರೆಯುವುದೇ ಸಹಜವೆಂದು ಭಾವಿಸಿದೆವು. ಕೇಳದವರಿಗೆ ಅಂಗಡಿಯವನು ತಾನಾಗಿ ತಂದು ಬಡಿಸುವನೇ?

ಈ ಮಾತನ್ನು ಹೇಳುವಾಗ ಫೋನು ನಮಗೆ ಎಲ್ಲಿಂದಲೋ ಬಂದ ವಸ್ತುವೆಂದು ತಿಳಿಯುವುದೂ ಸರಿಯಲ್ಲ. ಐಫೋನಿನ ಜೋಡಣೆ ಭಾರತದಲ್ಲಿ ಆರಂಭವಾದದ್ದೇ 2017ರಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ. ಆ ಕೆಲಸ ನಡೆಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಕಾರ್ಖಾನೆಯನ್ನು ಕಟ್ಟಿತು. 2020ರ ಡಿಸೆಂಬರ್ 12ರಂದು ಸಂಬಳದ ವಿಷಯವಾಗಿ ಕೆಲಸಗಾರರ ಅಸಮಾಧಾನ ಸ್ಫೋಟಗೊಂಡು ಕಾರ್ಖಾನೆಯ ಗಾಜುಗಳು ಪುಡಿಯಾದುದನ್ನು ವಾಚಕರು ಮರೆತಿರಲಾರರು. ಆಪಲ್ ಕಂಪನಿಯೇ ವಿಚಾರಣೆ ನಡೆಸಿ ಲೋಪಗಳಿದ್ದುದನ್ನು ಒಪ್ಪಿತು. 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾ ಸಂಸ್ಥೆಯವರು ಕೊಳ್ಳುವ ಒಪ್ಪಂದವಾಯಿತು. ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಕಂಪನಿಯ ಕಾರ್ಖಾನೆಯೂ ತಲೆಯೆತ್ತಿದೆ. ನಮ್ಮ ನೆಲದಲ್ಲಿ, ನಮ್ಮ ಮಕ್ಕಳೂ ದುಡಿದು ಜೋಡಿಸಿದ ಯಂತ್ರದಲ್ಲಿ ನಮ್ಮ ಅಕ್ಷರ ಇರಬೇಕೆಂದು ಕೇಳುವುದು ಭಿಕ್ಷೆಯಲ್ಲ, ಅದು ಹಕ್ಕು. ಆ ಅಕ್ಷರ ಈಗ ಅದರಲ್ಲಿದೆ. ಅದನ್ನು ಬಳಸದೆ ಮೂಲೆಗಿಡುವುದು ಮಾತ್ರ ನಮ್ಮದೇ ತಪ್ಪು.

ತರಗತಿಯಲ್ಲಿ ಈ ಪ್ರಸ್ತಾಪವನ್ನೆತ್ತಿದೆ. ವಿದ್ಯಾರ್ಥಿಗಳು ಮೊದಲು ಮೌನವಾಗಿದ್ದರು. ಆಮೇಲೆ ಒಬ್ಬೊಬ್ಬರಾಗಿ ವಾದಕ್ಕಿಳಿದರು. ಇಂಗ್ಲಿಷ್ ಅಕ್ಷರದಲ್ಲಿ ಬೇಗ ಬರೆಯಬಹುದು ಎಂದರು ಕೆಲವರು. ಒತ್ತಕ್ಷರ ತಪ್ಪಾದರೆ ಸ್ನೇಹಿತರು ನಗುತ್ತಾರೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ತಪ್ಪು ಯಾರಿಗೂ ಕಾಣುವುದಿಲ್ಲ ಎಂದಳು ಕೃಷ್ಣರಾಜನಗರದ ಕಡೆಯಿಂದ ಬರುವ ಒಬ್ಬ ಹುಡುಗಿ. ಈ ಮಾತು ನನ್ನನ್ನು ಚುಚ್ಚಿತು. ತಪ್ಪಿಗೆ ಹೆದರಿ ಅಕ್ಷರವನ್ನೇ ಬಿಟ್ಟುಬಿಡುವಂತೆ ಮಾಡಿದವರಲ್ಲಿ ಕೆಂಪು ಶಾಯಿಯ ನಾವೂ ಇದ್ದೇವೆ. "ಸಾರ್, ನೀವು ನಮ್ಮ ಗುಂಪಿಗೆ ನಾಳೆ ಕ್ಲಾಸ್ ಇಲ್ಲ ಅಂತ ಕಳಿಸಿದ್ದು ಯಾವ ಅಕ್ಷರದಲ್ಲಿ?" ಎಂದ ಹಿಂದಿನ ಬೆಂಚಿನವನೊಬ್ಬ. ತರಗತಿ ಗೊಳ್ಳೆಂದಿತು. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ಈ ಮಹಾನುಭಾವನೂ ಅದನ್ನು ಇಂಗ್ಲಿಷ್ ಅಕ್ಷರದಲ್ಲಿಯೇ ಕಳುಹಿಸಿದ್ದ!

ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯಿಂದ ಬರುವ ವಿದ್ಯಾರ್ಥಿಯೊಬ್ಬ ಹೇಳಿದ್ದು ಬೇರೆಯೇ ಮಾತು. ಅವನದು ಜೇನುಕುರುಬರ ಮನೆ. ಅವನ ಅಜ್ಜಿಗೆ ಯಾವ ಅಕ್ಷರವೂ ಬಾರದು. ಹಾಡಿಯಲ್ಲಿ ಸಂಕೇತ ಸಿಕ್ಕುವ ಜಾಗ ಒಂದೋ ಎರಡೋ. ಅಲ್ಲಿಗೆ ನಡೆದು ಹೋಗಿ ಅಜ್ಜಿ ತನ್ನ ಮಾತನ್ನು ಧ್ವನಿಯಾಗಿ ಕಳುಹಿಸುತ್ತಾಳೆ. ಆ ಮಾತನ್ನು ಬರಹಕ್ಕಿಳಿಸಲು ಹೇಳಿದರೆ ಯಂತ್ರ ಅಜ್ಜಿಯ ನುಡಿಯನ್ನು ಏನೇನೋ ಮಾಡಿಬಿಡುತ್ತದೆಯಂತೆ. ಪತ್ರಿಕೆಯ ಕನ್ನಡವನ್ನು ಬಲ್ಲ ಯಂತ್ರಕ್ಕೆ ನಮ್ಮ ಸೀಮೆಯ 'ಬತ್ತೀನಿ', 'ಒಂಟೋದ' ಇತ್ಯಾದಿಗಳೇ ಕಷ್ಟ. ಜೇನುಕುರುಬರ ನುಡಿಯ ಪಾಡೇನು? ಅವನೇ ಒಂದು ಉಪಾಯ ಮಾಡಿದ್ದಾನೆ. ಅಜ್ಜಿ ಹೇಳುವ ಗಿಡಗಳ, ಜೇನಿನ ಬಗೆಗಳ ಹೆಸರುಗಳನ್ನು ಫೋನಿನಲ್ಲಿಯೇ ಕನ್ನಡ ಲಿಪಿಯಲ್ಲಿ ಬರೆದಿಡುತ್ತಿದ್ದಾನೆ. ಇಂಗ್ಲಿಷ್ ಅಕ್ಷರದಲ್ಲಿ ಏಕೆ ಬರೆಯಲಿಲ್ಲ ಎಂದು ಕೇಳಿದೆ. "ಆಮೇಲೆ ಓದೋವಾಗ ಅಜ್ಜಿ ಹೇಳಿದಂಗೆ ಬರಲ್ಲ ಸಾರ್" ಎಂದ. ನಾನು ಒಂದು ತಾಸು ಹೇಳಿದ್ದನ್ನು ಅವನು ಒಂದು ವಾಕ್ಯದಲ್ಲಿ ಮುಗಿಸಿದ್ದ.

1973ರಲ್ಲಿ ಈ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದಾಗ ಮುಖ್ಯಮಂತ್ರಿಗಳಾಗಿದ್ದವರು ಇದೇ ಹುಣಸೂರಿನ ದೇವರಾಜ ಅರಸು. ನಾಡಿಗೆ ಹೆಸರಿಡುವುದು ಸರ್ಕಾರದ ಕೆಲಸ. ಅಪ್ಪನಿಗೆ ಕಾಗದ ಬರೆಯುವುದು ಮಗನ ಕೆಲಸ. ಎರಡನೆಯದಕ್ಕೆ ಆದೇಶ ಹೊರಡಿಸಲಾಗದು. ಆದುದರಿಂದ ನಾನು ವಿದ್ಯಾರ್ಥಿಗಳಲ್ಲಿ ಬೇಡಿದ್ದು ಇಷ್ಟೆ: ಸ್ನೇಹಿತರಿಗೆ ಹೇಗಾದರೂ ಬರೆದುಕೊಳ್ಳಿ, ಮನೆಗೆ ಬರೆಯುವಾಗ ಮಾತ್ರ ಮನೆಯವರು ಓದಬಲ್ಲ ಅಕ್ಷರದಲ್ಲಿ ಬರೆಯಿರಿ. ಕಾಗುಣಿತ ತಪ್ಪಿದರೆ ತಪ್ಪಲಿ. ನನ್ನ ಕಡೆಯಿಂದ, ತರಗತಿಯ ಗುಂಪಿಗೆ ಕನ್ನಡ ಲಿಪಿಯಲ್ಲಲ್ಲದೆ ಬರೆಯುವುದಿಲ್ಲವೆಂದೂ, ಅಲ್ಲಿ ಯಾರ ತಪ್ಪಿಗೂ ಕೆಂಪು ಶಾಯಿ ಹಚ್ಚುವುದಿಲ್ಲವೆಂದೂ ಮಾತು ಕೊಟ್ಟೆ.

ಮೈಸೂರಿನ ಹುಡುಗನಿಗೂ ಫೋನು ಮಾಡಿ ನಡೆದದ್ದನ್ನು ತಿಳಿಸಿದ್ದೆ. ಪಾಪ, ಬಹಳ ನೊಂದುಕೊಂಡ. ತರಬೇತಿಗೆ ಕಟ್ಟಿದ ಹಣ ಹಿಂದಕ್ಕೆ ಬರಲಿಲ್ಲ. ಬೇಲುಗಳು ಮುಂದಿನ ಸಲ ಹರಾಜಾದ ಮೇಲೆ ತಂದೆಯೇ ಆ ಸಾಲವನ್ನು ತೀರಿಸಿದರೆಂದು ಕೇಳಿದೆ. ಮೊನ್ನೆ ಅದೇ ನಿಲ್ದಾಣದಲ್ಲಿ ಅವರು ಮತ್ತೆ ಸಿಕ್ಕರು. ಈ ಸಲ ಫೋನನ್ನು ನನ್ನ ಕೈಗೆ ಕೊಡಲಿಲ್ಲ. ತಾವೇ ಕನ್ನಡಕ ಏರಿಸಿ, ಸಂಜೆಯ ಬೆಳಕಿಗೆ ಹಿಡಿದು, ಪತ್ರಿಕೆ ಓದುವ ಧಾಟಿಯಲ್ಲಿ ಗಟ್ಟಿಯಾಗಿ ಓದಿದರು: "ಅಪ್ಪ, ಈ ವಾರ ಬೆಲೆ ಹೇಗಿದೆ? ಅವ್ವನ ಮಂಡಿನೋವು ಹೇಗಿದೆ?"

'ಮಂಡಿ'ಯಲ್ಲಿ ಡಕಾರದ ಬದಲು ದಕಾರ ಬಿದ್ದಿತ್ತು. ನಾನು ಸುಮ್ಮನಿದ್ದೆ. ಬಸ್ಸು ಬಂದಿತು.