ಸ್ಕ್ರೂ ಎಲ್ಲಿ, ಗೋಂದು ಎಲ್ಲಿ? ಪಿಕಪ್‌ಗೆ ಮರದ ಕ್ಯಾಂಪರ್ ಕಟ್ಟುವವರು ಮಳೆಗಾಲಕ್ಕೆ ಮೊದಲು ತಿಳಿದಿರಬೇಕಾದ್ದು

ಮಡಿಕೇರಿ: ಕೊಡಗಿನಲ್ಲಿ ‘ಕ್ಯಾಂಪರ್’ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ತೋಟದ ಕೆಲಸಕ್ಕೆ ಓಡಾಡುವ ಬೊಲೆರೊ ಕ್ಯಾಂಪರ್. ಇಲ್ಲಿ ಹೇಳುತ್ತಿರುವುದು ಬೇರೆ. ಪಿಕಪ್‌ನ ಹಿಂದೆ ಕೂರಿಸಿ, ಬೇಡವಾದಾಗ ಇಳಿಸಿಡಬಹುದಾದ, ಇಬ್ಬರು ಮಲಗುವಷ್ಟು ದೊಡ್ಡ ಮರದ ಗೂಡಿನ ವಿಷಯ ಇದು.

ಪ್ಲೈವುಡ್, ರೀಪರ್, ಒಂದು ಡಬ್ಬ ಗೋಂದು, ಒಂದಿಷ್ಟು ಸ್ಕ್ರೂ ಇದ್ದರೆ ಆಯ್ತು ಅಂತ ಅನ್ನಿಸುತ್ತೆ. ಆದರೆ ಮನೆಯಲ್ಲಿ ನಿಂತಲ್ಲೇ ನಿಲ್ಲುವ ಕಪಾಟು ಬೇರೆ, ಸಂಪಾಜೆ ಘಾಟಿಯಲ್ಲಿ ಕುಲುಕಾಡುತ್ತಾ ಇಳಿಯುವ ಗೂಡು ಬೇರೆ. ಕಪಾಟಿನ ಸ್ಕ್ರೂ ಸಡಿಲವಾದರೆ ಬಾಗಿಲು ಜೋತುಬೀಳುತ್ತದೆ, ಅಷ್ಟೆ. ಓಡುವ ಗಾಡಿಯಿಂದ ಹಲಗೆ ಕಳಚಿದರೆ ಹಿಂದೆ ಬರುವ ಬೈಕ್ ಸವಾರನ ಜೀವಕ್ಕೇ ಸಂಚಕಾರ. ಹಾಗಾಗಿ ಎಲ್ಲಿ ಗೋಂದು ಬೇಕು, ಎಲ್ಲಿ ಬರೀ ಸ್ಕ್ರೂ ಸಾಕು, ಎಲ್ಲಿ ಎರಡೂ ಬೇಡ ಅನ್ನುವುದನ್ನು ಕೆಲಸ ಶುರು ಮಾಡುವ ಮೊದಲೇ ತೀರ್ಮಾನಿಸಬೇಕು.

ಎರಡರ ಕೆಲಸವೂ ಬೇರೆ

ಸ್ಕ್ರೂ ಹಿಡಿಯುವುದು ಒಂದು ಬಿಂದುವಿನಲ್ಲಿ. ಗಾಡಿ ಅಲುಗಾಡಿದಷ್ಟೂ ಆ ಬಿಂದುವಿನ ಸುತ್ತ ಮರ ಸವೆಯುತ್ತದೆ, ತೂತು ದೊಡ್ಡದಾಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಗೋಂದು ಹಾಗಲ್ಲ. ಜೋಡಣೆಯ ಉದ್ದಗಲಕ್ಕೂ ಹಿಡಿದುಕೊಂಡು ಭಾರವನ್ನು ಹಂಚುತ್ತದೆ, ಮರದ ಮೇಲೆ ಮರ ಜಾರದಂತೆ ತಡೆಯುತ್ತದೆ.

ಹಾಗಂತ ಗೋಂದು ಒಂದೇ ಸಾಲದು. ಒಂದು ತುದಿಯಿಂದ ಎತ್ತಿ ಸುಲಿದರೆ ಗೋಂದು ಬಿಟ್ಟುಕೊಡುತ್ತದೆ. ಆ ಸುಲಿಯುವಿಕೆಯನ್ನು ತಡೆಯುವುದು ಸ್ಕ್ರೂ. ಜೊತೆಗೆ ಗೋಂದು ಗಟ್ಟಿಯಾಗುವ ತನಕ ಎರಡು ಮರಗಳನ್ನು ಒತ್ತಿ ಹಿಡಿಯುವುದೂ ಅದೇ. ಸುಲಭವಾಗಿ ಹೇಳುವುದಾದರೆ, ಬಹುಕಾಲ ಬಾಳುವ ಹಿಡಿತ ಗೋಂದಿನದು, ಕಾವಲು ಸ್ಕ್ರೂವಿನದು.

ಯಾವ ಜಾಗಕ್ಕೆ ಯಾವುದು?

* ಚೌಕಟ್ಟು ಮತ್ತು ಗೋಡೆ: ರೀಪರ್‌ಗೆ ರೀಪರ್, ರೀಪರ್‌ಗೆ ಪ್ಲೈವುಡ್ ಸೇರುವಲ್ಲಿ ಗೋಂದು, ಸ್ಕ್ರೂ ಎರಡೂ ಬೇಕು.

* ಮುಂದೆ ಬಿಚ್ಚಬೇಕಾದ ಭಾಗ: ಕಿಟಕಿಯ ಚೌಕಟ್ಟು, ಗಾಳಿಕಿಂಡಿ, ವೈರಿಂಗ್ ಮುಚ್ಚಳ, ನೀರಿನ ಕ್ಯಾನ್ ಇಡುವ ಜಾಗದ ಮುಚ್ಚಳ. ಇಲ್ಲಿ ಗೋಂದು ಬೇಡವೇ ಬೇಡ. ಸ್ಕ್ರೂ ಹಾಕಿ, ಮಧ್ಯೆ ರಬ್ಬರ್ ಪಟ್ಟಿ ಕೊಟ್ಟರೆ ಸಾಕು. ಗೋಂದು ಹಾಕಿಬಿಟ್ಟರೆ ನಾಳೆ ಒಂದು ವೈರ್ ಸರಿಮಾಡಲು ಗೋಡೆಯನ್ನೇ ಒಡೆಯಬೇಕಾದೀತು.

* ಅಗಲದ ಹಲಗೆ: ಹಲಸು, ತೇಗದ ಅಗಲ ಹಲಗೆ ಬಳಸುವುದಾದರೆ ಅಡ್ಡಪಟ್ಟಿಗೆ ಪೂರ್ತಿ ಅಗಲಕ್ಕೂ ಗೋಂದು ಹಚ್ಚಬಾರದು. ಮರ ಉದ್ದಕ್ಕೆ ಹೆಚ್ಚುಕಮ್ಮಿ ಆಗುವುದು ತೀರಾ ಕಡಿಮೆ, ಆದರೆ ಅಗಲಕ್ಕೆ ಕಕ್ಕಡದ ಮಳೆಯಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅಲುಗಾಡಲು ಬಿಡದೆ ಅಂಟಿಸಿದರೆ ಹಲಗೆ ಸೀಳುತ್ತದೆ. ಮಧ್ಯದಲ್ಲಿ ಮಾತ್ರ ಗಟ್ಟಿ ಮಾಡಿ, ಎರಡು ಬದಿಗೆ ಉದ್ದನೆಯ ತೂತು ಕೊರೆದು ವಾಷರ್ ಜೊತೆ ಸ್ಕ್ರೂ ಹಾಕಬೇಕು. ಪ್ಲೈವುಡ್‌ಗೆ ಈ ತೊಂದರೆ ಬಹಳ ಕಡಿಮೆ.

* ಗೂಡು ಗಾಡಿಗೆ ಸೇರುವಲ್ಲಿ: ಗೋಂದೂ ಬೇಡ, ಮರದ ಸ್ಕ್ರೂವೂ ಬೇಡ. ದಪ್ಪ ವಾಷರ್ ಹಾಕಿದ ಬೋಲ್ಟ್, ಸಡಿಲವಾಗದ ಲಾಕ್ ನಟ್ ಬೇಕು.

ಅಂಗಡಿಯಲ್ಲಿ ಏನು ಕೇಳಬೇಕು?

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಕುಶಾಲನಗರದ ಕಡೆ ಅದಕ್ಕಿಂತ ಎಷ್ಟೋ ಕಡಿಮೆ. ಆದರೆ ಗಾಡಿ ಒಂದೇ ಊರಲ್ಲಿ ನಿಲ್ಲುವುದಿಲ್ಲವಲ್ಲ, ಹಾಗಾಗಿ ಸಾಮಾನು ಮಡಿಕೇರಿ ಮಳೆಗೆ ತಡೆಯುವಂಥದ್ದೇ ಇರಲಿ.

ಪ್ಲೈವುಡ್‌ನಲ್ಲಿ ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈ ಕೇಳಿ. ‘ಎಂಆರ್’ ಅಂತ ಇರುವುದು ತೇವ ತಡೆದೀತು, ಮಳೆನೀರು ತಡೆಯದು. ಮರೈನ್ ಪ್ಲೈ ಆದರೂ ಕತ್ತರಿಸಿದ ಅಂಚು ನೀರು ಕುಡಿಯುತ್ತದೆ. ಅಂಚಿಗೆ ಎಪಾಕ್ಸಿ ಇಲ್ಲವೇ ಪೇಂಟ್ ಬಳಿಯಲೇಬೇಕು.

ಗೋಂದಿನಲ್ಲಿ ಮಾಮೂಲಿ ಬಿಳಿ ಗೋಂದು ಒಳಗಿನ ಕಪಾಟಿಗೆ ಮಾತ್ರ ಸರಿ, ನೆನೆದರೆ ಮೆತ್ತಗಾಗುತ್ತದೆ. ಗೋಡೆ, ಚಾವಣಿಗೆ ಡಬ್ಬದ ಮೇಲೆ ಡಿ3 ಅಥವಾ ಡಿ4 ಅಂತ ಇರುವ ನೀರು ತಡೆಯುವ ಗೋಂದು ತಗೊಳ್ಳಿ. ಡಿ4 ಹೆಚ್ಚು ತಡೆಯುತ್ತದೆ. ಮರ ಮರಕ್ಕೆ ಸರಿಯಾಗಿ ಕೂರದೆ ಸಂದು ಉಳಿದಿದ್ದರೆ ಎರಡು ಭಾಗ ಬೆರೆಸುವ ಎಪಾಕ್ಸಿಯೇ ಒಳ್ಳೆಯದು. ಬಿಳಿ ಗೋಂದು ಸಂದು ತುಂಬಿ ಹಿಡಿಯುವುದಿಲ್ಲ.

ಸ್ಕ್ರೂ ಕೇಳುವಾಗ ಅಂಗಡಿಯವರು ಸುಲಭಕ್ಕೆ ಕೊಡುವುದು ಕಪ್ಪು ಜಿಪ್ಸಮ್ ಸ್ಕ್ರೂ. ಅದು ಸೀಲಿಂಗ್ ಕೆಲಸದ್ದು. ಗಡಸು ಜಾಸ್ತಿ, ಕುಲುಕಾಟಕ್ಕೆ ತುಂಡಾಗಬಹುದು. ನೀರು ತಗುಲಿದರೆ ಬೇಗ ತುಕ್ಕು ಬೇರೆ. ಬೆಲೆ ಹೆಚ್ಚಾದರೂ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕುವುದು ಲೇಸು. ಮತ್ತಿಯಂಥ ಒಗರಿನ ಮರಕ್ಕೆ ಕಬ್ಬಿಣದ ಸ್ಕ್ರೂ ಹಾಕಿದರೆ ಒದ್ದೆಯಾದಾಗ ಸುತ್ತಲೂ ಕಪ್ಪು ಕಲೆ ಹಬ್ಬುತ್ತದೆ. ಅಂಗಡಿಯವರು ‘ಯಾವ ಕೆಲಸಕ್ಕೆ?’ ಅಂತ ಒಂದು ಮಾತು ಕೇಳಿ ಕೊಟ್ಟರೆ ಗಿರಾಕಿಗೆ ಎರಡನೇ ಸಲ ಬಿಚ್ಚುವ ಖರ್ಚು ಉಳಿಯುತ್ತದೆ.

ಕೆಲಸದ ಕ್ರಮ

ಮೊದಲು ಮರ ಒಣಗಿರಬೇಕು. ತೋಟದಲ್ಲಿ ಕಡಿದ ಸಿಲ್ವರ್ ಓಕ್ ಮನೆಯಲ್ಲೇ ಇದೆ ಅಂತ ಹಸಿಯಲ್ಲೇ ಕೊಯ್ಸಿ ಬಳಸಿದರೆ ಆಮೇಲೆ ಸೊಟ್ಟಗಾಗುತ್ತದೆ. ಬಿಳಿ ಗೋಂದು ತನ್ನ ನೀರನ್ನು ಮರಕ್ಕೆ ಬಿಟ್ಟುಕೊಟ್ಟೇ ಗಟ್ಟಿಯಾಗುವುದು. ಮರವೇ ಒದ್ದೆಯಿದ್ದರೆ ಅದು ಹಿಡಿಯುವುದಾದರೂ ಹೇಗೆ? ಹಾಗಾಗಿ ಅಂಟಿಸುವ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸುವುದು ಜಾಣತನ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಗೋಂದು ಹಚ್ಚುವ ಮೊದಲು ಥಿನ್ನರ್‌ನಲ್ಲಿ ಒರೆಸಬೇಕು.

12 ಮಿ.ಮೀ. ಪ್ಲೈಯನ್ನು ಎರಡಿಂಚು–ಒಂದಿಂಚಿನ ರೀಪರ್‌ನ ಅಗಲದ ಮುಖಕ್ಕೆ ಕೂರಿಸಲು 8ನೇ ನಂಬರಿನ 32 ಮಿ.ಮೀ. ಸ್ಕ್ರೂ ಸಾಕು. ಮೇಲಿನ ಹಲಗೆಯ ದಪ್ಪದ ಎರಡೂವರೆಯಿಂದ ಮೂರು ಪಟ್ಟು ಉದ್ದ ಇರಲಿ ಅನ್ನುವುದು ಲೆಕ್ಕ. ಮೆದು ಮರಕ್ಕೆ 2.5, ಗಟ್ಟಿ ಮರಕ್ಕೆ 3 ಮಿ.ಮೀ. ಬಿಟ್‌ನಲ್ಲಿ ಮೊದಲೇ ತೂತು ಕೊರೆಯಿರಿ. ಸ್ಟೇನ್‌ಲೆಸ್ ಸ್ಕ್ರೂ ಮೆದು, ತೂತಿಲ್ಲದೆ ತಿರುಗಿಸಿದರೆ ತಲೆ ಮುರಿಯುತ್ತದೆ. ತುದಿಗೆ ಸ್ವಲ್ಪ ಮೇಣ ಉಜ್ಜಿದರೆ ಸಲೀಸು.

ಗೋಂದನ್ನು ತೆಳ್ಳಗೆ ಸಮವಾಗಿ ಹಚ್ಚಿ, ಆರಿಂಚಿಗೊಂದು ಸ್ಕ್ರೂ ಬಿಗಿಯಿರಿ. ಅಂಚಿನಲ್ಲಿ ಸಣ್ಣ ಹನಿಗಳಾಗಿ ಗೋಂದು ಹೊರಬಂದರೆ ಸರಿಯಾಗಿದೆ ಅಂತ ಅರ್ಥ. ಅತಿಯಾಗಿ ಬಿಗಿದರೆ ಗೋಂದೆಲ್ಲ ಹೊರಗೆ ಬಂದು ಜೋಡಣೆ ಬರಿದಾಗುತ್ತದೆ. ಆಮೇಲೆ 24 ಗಂಟೆ ಮುಟ್ಟಬೇಡಿ. ರೀಪರ್‌ನ ತುದಿಗೆ, ಪ್ಲೈವುಡ್‌ನ ಅಂಚಿಗೆ ಹೊಡೆದ ಸ್ಕ್ರೂ ಗಟ್ಟಿ ಹಿಡಿಯುವುದಿಲ್ಲ. ಅಂಥ ಮೂಲೆಗೆ ಒಳಗಿನಿಂದ ಒಂದು ಮರದ ತುಂಡು ಅಂಟಿಸಿ, ಅದಕ್ಕೆ ಸ್ಕ್ರೂ ಹಾಕಬೇಕು.

ಚಾವಣಿಗೆ ಮೇಲಿಂದ ಸ್ಕ್ರೂ ಹಾಕುವುದನ್ನು ಆದಷ್ಟು ತಪ್ಪಿಸಿ. ಒಂದೊಂದು ಸ್ಕ್ರೂ ತೂತೂ ನೀರಿಗೆ ಒಂದು ದಾರಿ. ಹಾಕಲೇಬೇಕಾದರೆ ತಲೆಯ ಕೆಳಗೆ ಸೀಲೆಂಟ್ ಹಚ್ಚಿ. ಚಳಿಯ ರಾತ್ರಿ ಒಳಗೆ ಮಲಗಿದವರ ಉಸಿರಿನ ತೇವವೂ ತಣ್ಣಗಿನ ಸ್ಕ್ರೂ ತಲೆಯ ಮೇಲೆ ಹನಿಗಟ್ಟಿ ಮರಕ್ಕೆ ಇಳಿಯುತ್ತದೆ. ಗಾಳಿಕಿಂಡಿ ಬೇಕೇ ಬೇಕು.

ತೂಕ ಮತ್ತು ಕಾನೂನು

ಎಂಟಡಿ–ನಾಲ್ಕಡಿಯ 12 ಮಿ.ಮೀ. ಪ್ಲೈ ಒಂದೇ ಹಾಳೆ ಸುಮಾರು 20 ಕೆ.ಜಿ. ಮೇಲೆ ತೂಗುತ್ತದೆ. ಗೂಡು, ಹಾಸಿಗೆ, ನೀರು ಎಲ್ಲ ಸೇರಿ ಆರ್‌ಸಿಯಲ್ಲಿರುವ ತೂಕದ ಮಿತಿ ಮೀರಬಾರದು, ಗಾಡಿಯ ಬದಿಯಿಂದ ಹೊರಗೆ ಚಾಚಲೂಬಾರದು. ಗೋಂದು ಸರಿಯಾಗಿ ಹಾಕಿದರೆ ಗೋಡೆಗೆ 12ರ ಬದಲು 6 ಅಥವಾ 9 ಮಿ.ಮೀ. ಪ್ಲೈ ಸಾಕಾಗಿ ತೂಕ ಇಳಿಯುತ್ತದೆ. ಆಗ ಸ್ಕ್ರೂವಿನ ಉದ್ದವನ್ನೂ ಅದಕ್ಕೆ ತಕ್ಕಂತೆ ಕಡಿಮೆ ಮಾಡಿ.

ಗಾಡಿಯ ಬಾಡಿ ಕತ್ತರಿಸಿ, ವೆಲ್ಡ್ ಮಾಡಿ ಕಾಯಂ ಕೂರಿಸುವುದು ಬೇರೆಯೇ ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಇಳಿಸಿಡಬಹುದಾದ ಗೂಡಾದರೂ ಮರ ಕೊಳ್ಳುವ ಮೊದಲು ಒಂದು ಚಿತ್ರ ಬರೆದುಕೊಂಡು ಆರ್‌ಟಿಒ ಕಚೇರಿಯಲ್ಲಿ ಕೇಳಿ ಬರುವುದು ಕ್ಷೇಮ. ಗಾಡಿ ಓಡುವಾಗ ಯಾರೂ ಗೂಡಿನೊಳಗೆ ಇರಕೂಡದು.

ಹೊರಡುವ ಮೊದಲು

ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಟ್ಟು, ಒಳಗೆ ಟಾರ್ಚ್ ಹಿಡಿದು ಮೂಲೆ ಮೂಲೆ ನೋಡಿ. ಮೊದಲ 100 ಕಿ.ಮೀ. ಓಡಿಸಿದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ. ಜೋಡಣೆಯ ಪಕ್ಕ ಪೇಂಟ್ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಅಲ್ಲಿ ಗೋಂದು ಹಿಡಿದಿಲ್ಲ ಅಂತಲೇ ಲೆಕ್ಕ. ಅದನ್ನು ಬೇಸಿಗೆಯಲ್ಲೇ ಬಿಚ್ಚಿ ಸರಿಮಾಡಿದರೆ ಒಂದು ದಿನದ ಕೆಲಸ. ಮಳೆಗಾಲ ಕಳೆಯಲಿ ಅಂತ ಬಿಟ್ಟರೆ ಆ ಗೋಡೆಯನ್ನೇ ಬದಲಿಸಬೇಕಾಗುತ್ತದೆ.